ಲಕ್ಕಮ್ಮನ ಪ್ರಶ್ನೆ: ಕಾಯಕಶುದ್ಧಿಯನ್ನು ಕುರಿತ ಒಂದು ವಿಚಾರ

ಕಾಯಕವನ್ನೇ ಕೈಲಾಸವೆನ್ನುವ ನುಡಿ ಇಂದು ಕನ್ನಡನಾಡಿನ ಅನೇಕ ಕಚೇರಿಗಳ ಗೋಡೆಗಳನ್ನು ಅಲಂಕರಿಸಿದೆ. ಅದನ್ನು ಬಸವಣ್ಣನವರ ಮಾತೆಂದು ಬರೆಯುವುದೇ ರೂಢಿ. ಆದರೆ ವಚನ ವಾಙ್ಮಯದಲ್ಲಿ ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನವೊಂದರಲ್ಲಿ. ಇದು ಕೇವಲ ಕರ್ತೃತ್ವದ ಪ್ರಶ್ನೆಯೆಂದು ತೋರಬಹುದು, ಹಾಗಲ್ಲ. ಆ ನುಡಿಯನ್ನು ಮಾರಯ್ಯನಿಗೆ ಹಿಂದಿರುಗಿಸಿದೊಡನೆ ಅವನ ಪಕ್ಕದಲ್ಲಿ ನಿಂತಿರುವ ಶರಣೆ ಲಕ್ಕಮ್ಮ ನಮಗೆ ಕಾಣತೊಡಗುತ್ತಾಳೆ. ಆಕೆಯ ಪ್ರಶ್ನೆಯನ್ನು ಕೇಳದೆ ಆ ನುಡಿಯ ಅರ್ಥ ಪೂರ್ಣವಾಗುವುದಿಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ಮಾರಯ್ಯನ ವಚನದ ಭಾವ ಸುಪ್ರಸಿದ್ಧವಾದುದು. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬಹುದು; ಜಂಗಮನೇ ಎದುರಿಗೆ ನಿಂತರೂ ಅವನ ದಾಕ್ಷಿಣ್ಯಕ್ಕೆ ಕಟ್ಟುಬೀಳಬೇಕಾಗಿಲ್ಲ. ದುಡಿಮೆಗೆ ಇದಕ್ಕಿಂತ ದೊಡ್ಡ ಗೌರವ ಸಲ್ಲಲಾರದು. ಆದರೆ ಇದೊಂದನ್ನೇ ಹಿಡಿದು ನಡೆಯುವವನು ದಾರಿ ತಪ್ಪುವುದೂ ಸುಲಭ. ಹೊತ್ತಿಗೆ ಸರಿಯಾಗಿ ಬಂದು, ಹೊತ್ತು ಮೀರಿ ದುಡಿದು, ಅದರ ಮರೆಯಲ್ಲೇ ಕೈಚಾಚುವ ನೌಕರನೂ ತನ್ನನ್ನು ಕಾಯಕಯೋಗಿಯೆಂದು ಕರೆದುಕೊಳ್ಳಬಹುದು. ದುಡಿಮೆಯ ಪ್ರಮಾಣವೇ ಅದರ ಪಾವಿತ್ರ್ಯಕ್ಕೆ ಸಾಕ್ಷಿಯಾಗುವುದೆ? ಈ ಸಂಶಯಕ್ಕೆ ಉತ್ತರ ಲಕ್ಕಮ್ಮನಲ್ಲಿದೆ.

ಶೂನ್ಯಸಂಪಾದನೆಯ ಓದುಗರಿಗೆ ಆ ಸನ್ನಿವೇಶ ಪರಿಚಿತವಾದುದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಗೋಷ್ಠಿಯಲ್ಲಿ ಮೈಮರೆತ ಮಾರಯ್ಯನಿಗೆ, ಕಾಯಕ ನಿಂತಿದೆಯೆಂದು ಎಚ್ಚರಿಸುವವಳು ಲಕ್ಕಮ್ಮ. ಇಲ್ಲಿಯವರೆಗೆ ಆಕೆ ಮಾರಯ್ಯನ ತತ್ತ್ವವನ್ನೇ ಅವನಿಗೆ ನೆನಪಿಸುತ್ತಾಳೆ. ಆದರೆ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಅದನ್ನು ಒಳಗೆ ಕೊಂಡುಹೋಗುವುದಿಲ್ಲ. ಈ ಹೆಚ್ಚಳ ನಿಮ್ಮ ಮನಸ್ಸಿನಿಂದ ಬಂದುದೋ, ಬಸವಣ್ಣನವರ ಅನುಮಾನದಿಂದ ಬಂದುದೋ ಎಂದು ಕೇಳಿ, ಮೊದಲಿದ್ದಲ್ಲಿಯೇ ಸುರಿದು ಬರಲು ಹೇಳುತ್ತಾಳೆ. ಆಸೆ ಅರಸರಿಗೆ ಸಲ್ಲಬಹುದೇ ಹೊರತು ಶಿವಭಕ್ತರಿಗಲ್ಲವೆಂಬುದು ಆಕೆಯ ನಿಲುವು.

ಈ ಪ್ರಸಂಗದಲ್ಲಿ ಕಳವಿಲ್ಲ, ಮೋಸವಿಲ್ಲ, ಯಾರ ದೂರೂ ಇಲ್ಲ ಎಂಬುದನ್ನು ಗಮನಿಸಬೇಕು. ನೆಲಕ್ಕೆ ಬಿದ್ದ ಕಾಳನ್ನು ಆಯ್ದವನನ್ನು ಯಾವ ನ್ಯಾಯಸ್ಥಾನವೂ ಶಿಕ್ಷಿಸಲಾರದು. ಆದರೂ ಲಕ್ಕಮ್ಮ ಪ್ರಶ್ನಿಸುತ್ತಾಳೆ. ವಚನದ ಕಾವ್ಯಶಕ್ತಿಯೂ ಇಲ್ಲಿಯೇ ಇದೆ. ಆಕೆ ಬಳಸುವ ಮಾತಿನಲ್ಲಿ ಒಂದು ಮನಸ್ಸು, ಎರಡು ಮನಸ್ಸು ಎಂಬ ಭೇದ ಬರುತ್ತದೆ. ಅಕ್ಕಿಯ ಸಂದರ್ಭದಲ್ಲಿ ಆ ಶಬ್ದವನ್ನು ಕೇಳುವ ಕಿವಿಗೆ ಅಳತೆಯ ‘ಮಾನ’ವೂ ನೆನಪಾಗದಿರದು. ಅಳತೆ ಮೀರಿದ ಗಳಿಗೆಯಲ್ಲೇ ಮನಸ್ಸೂ ಒಡೆದು ಎರಡಾಯಿತೆಂಬ ಧ್ವನಿಯನ್ನು ನಾವು ಅಲ್ಲಿ ಗ್ರಹಿಸಬಹುದು. ತತ್ತ್ವದ ಪರಿಭಾಷೆಯೊಂದೂ ಇಲ್ಲದೆ, ಅಡುಗೆಮನೆಯ ಮಾತಿನಲ್ಲಿಯೇ ಆಕೆ ಆರ್ಥಿಕ ನೀತಿಯ ಮೂಲಪ್ರಶ್ನೆಯನ್ನು ಎತ್ತಿದ್ದಾಳೆ.

ಜರ್ಮನಿಯ ಮ್ಯಾಕ್ಸ್ ವೆಬರ್ 1904-05ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪ್ರಾಟೆಸ್ಟೆಂಟ್ ಪಂಥಗಳ ದುಡಿಮೆಯ ನಿಷ್ಠೆಗೂ ಬಂಡವಾಳದ ಬೆಳವಣಿಗೆಗೂ ಇರುವ ನಂಟನ್ನು ವಿವೇಚಿಸಿದನು. ಕಾಯಕತತ್ತ್ವವನ್ನು ಅದಕ್ಕೆ ಹೋಲಿಸುವ ಪರಿಪಾಠ ನಮ್ಮ ವಿದ್ವಾಂಸರಲ್ಲಿದೆ. ದುಡಿಮೆಯನ್ನು ದೈವಿಕವೆಂದು ಭಾವಿಸಿದುದರ ಮಟ್ಟಿಗೆ ಹೋಲಿಕೆ ನಿಜ. ಆದರೆ ವೆಬರ್ ಕಂಡ ಭಕ್ತನು ಮಿತವಾಗಿ ಉಂಡು ಉಳಿಸಿದ್ದು ಕೂಡಿ ಬೆಳೆಯಿತು. ಲಕ್ಕಮ್ಮ ಉಳಿಕೆಯನ್ನು ಬಾಗಿಲಲ್ಲಿಯೇ ತಡೆದಳು. ಇಷ್ಟು ದೊಡ್ಡ ವ್ಯತ್ಯಾಸವನ್ನು ಮರೆತ ಹೋಲಿಕೆ ಶರಣರಿಗೆ ನ್ಯಾಯವನ್ನು ಸಲ್ಲಿಸದು.

ಇನ್ನು ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ವಿಚಾರ. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗವನ್ನು ಅವನು ಲೆಕ್ಕಿಸದೆ ನಡೆದ ಕಥೆಯನ್ನು ಕಾಯಕನಿಷ್ಠೆಯ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ಗುರುವಿಗಾಗಲಿ ಲಿಂಗಕ್ಕಾಗಲಿ ಜಂಗಮಕ್ಕಾಗಲಿ ಕಾಯಕದಿಂದ ವಿನಾಯಿತಿಯಿಲ್ಲವೆಂದೂ ಅವನು ಸಾರಿದನು. ಆದರೆ ಅವನ ಇನ್ನೊಂದು ಮಾತು ಅಷ್ಟಾಗಿ ಉದ್ಧೃತವಾಗುವುದಿಲ್ಲ. ಜನರನ್ನು ನೋಯಿಸಿ, ಕಟ್ಟಿಹಾಕಿ, ಕಾಡಿ ಬೇಡಿ ತಂದ ದ್ರವ್ಯದಿಂದ ಗುರುಲಿಂಗಜಂಗಮರ ಹೆಸರಿನಲ್ಲಿ ನಡೆಸುವ ಸಮಾರಾಧನೆ ಲಿಂಗನೈವೇದ್ಯವಾಗದೆಂಬುದು ಅದರ ತಾತ್ಪರ್ಯ. ದಾಸೋಹವು ಗಳಿಕೆಯ ದೋಷವನ್ನು ತೊಳೆಯಲಾರದೆಂದು ಇದಕ್ಕಿಂತ ನಿಷ್ಠುರವಾಗಿ ಹೇಳುವುದು ಕಷ್ಟ.

ಕಾಳು ಆಯುವವರಿಗೂ ಹಗ್ಗ ಹೊಸೆಯುವವರಿಗೂ ಈ ನೀತಿ ಸುಲಭ. ಅಧಿಕಾರದಲ್ಲಿರುವವರ ಪಾಡು ಬೇರೆ ಎಂದು ಕೆಲವರು ಆಕ್ಷೇಪಿಸಬಹುದು. ಅವರು ಬಸವಣ್ಣನವರನ್ನು ನೆನೆಯಬೇಕು. ಅವರು ಬಿಜ್ಜಳನ ಭಂಡಾರಿಗಳಾಗಿದ್ದರು. ಪರರ ಧನ ದಿನವೂ ಅವರ ಕೈಯಲ್ಲಿ ಹಾಯುತ್ತಿತ್ತು. ಭಂಡಾರದ ಹೊನ್ನು ಜಂಗಮರ ಪಾಲಾಗುತ್ತಿದೆಯೆಂಬ ಚಾಡಿಯನ್ನು ಕೇಳಿ ಅರಸನು ಲೆಕ್ಕ ಕೇಳಿದ ಪ್ರಸಂಗ ಭೀಮಕವಿಯ ಬಸವಪುರಾಣದಲ್ಲಿ (1369) ಬರುತ್ತದೆ. ಎಣಿಸಿದಾಗ ಧನದಲ್ಲಿ ಕೊರತೆ ಕಾಣಲಿಲ್ಲ. ಪುರಾಣಕಾರನಿಗೆ ಅದು ಪವಾಡ. ವಿಮರ್ಶಕನು ಪವಾಡವನ್ನು ಅಲ್ಲಗಳೆಯಬೇಕಾಗಿಲ್ಲ. ಅದರೊಳಗಿನ ಒಂದು ಸಂಗತಿಯನ್ನು ಎತ್ತಿ ತೋರಿದರೆ ಸಾಕು. ಭಕ್ತಿಯ ಹಿರಿಮೆಯನ್ನು ಮುಂದುಮಾಡಿ ಲೆಕ್ಕದಿಂದ ತಪ್ಪಿಸಿಕೊಳ್ಳುವ ಮಾರ್ಗ ಅಲ್ಲಿಲ್ಲ. ಜಂಗಮಸೇವೆಗಾಗಿಯೇ ಆದರೂ ಅರಸನ ಹೊನ್ನು ಅರಸನದೇ ಎಂಬುದನ್ನು ಆ ಕಥೆ ಒಪ್ಪಿಕೊಂಡಿದೆ.

ಇಂದಿನ ಸ್ಥಿತಿಗೆ ಈ ಮಾತುಗಳು ಎಷ್ಟು ಹತ್ತಿರವಾದುವೆಂಬುದನ್ನು ವಿವರಿಸಬೇಕಾಗಿಲ್ಲ. ವಿಧಾನಸೌಧದ ಮುಂಭಾಗದಲ್ಲಿ, ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ಸಾರುವ ಬರಹವಿದೆ. 1984ರಲ್ಲಿ ಕರ್ನಾಟಕ ಲೋಕಾಯುಕ್ತ ಕಾಯಿದೆ ಬಂದಿತು. 1988ರ ಭ್ರಷ್ಟಾಚಾರ ತಡೆ ಕಾಯಿದೆಯು ಆದಾಯಕ್ಕೆ ಮೀರಿದ ಆಸ್ತಿಗೆ ಲೆಕ್ಕ ಕೇಳುತ್ತದೆ. ಲಕ್ಕಮ್ಮ ಕೇಳಿದ ಪ್ರಶ್ನೆಯೂ ಅದೇ: ಈ ಹೆಚ್ಚಳ ಎಲ್ಲಿಂದ ಬಂತು? ಆದರೆ ಕಾಯಿದೆ ಅದನ್ನು ಕೇಳುವುದು ಆಸ್ತಿ ಬೆಳೆದ ಮೇಲೆ. ಲಕ್ಕಮ್ಮ ಕೇಳಿದ್ದು ಅಕ್ಕಿ ಹೊಸ್ತಿಲು ದಾಟುವ ಮೊದಲು. ಸಂಬಳಕ್ಕೆ ಸಲ್ಲದ ಒಡವೆ ಮನೆಗೆ ಬಂದಾಗ ಮನೆಯವರೇ ಈ ಪ್ರಶ್ನೆಯನ್ನು ಕೇಳುವಂತಾದರೆ ಕಾಯಿದೆಯ ಹೊರೆ ಎಷ್ಟೋ ಇಳಿದೀತು.

ಮಠದ ಆಶ್ರಯದಲ್ಲಿ ನಡೆಯುವ ಪತ್ರಿಕೆಯಲ್ಲಿ ಇನ್ನೊಂದು ಮಾತನ್ನೂ ಸಂಕೋಚವಿಲ್ಲದೆ ಹೇಳಬೇಕು. ಅನ್ಯಾಯದಿಂದ ಗಳಿಸಿದವನು ಮಠಮಾನ್ಯಗಳಿಗೆ ಉದಾರವಾಗಿ ಕೊಟ್ಟು, ಶಿಲಾಫಲಕದಲ್ಲಿ ಹೆಸರು ಕೆತ್ತಿಸಿ, ಮನಸ್ಸಮಾಧಾನ ಪಡೆಯುವುದುಂಟು. ಕೊಡುವವನ ಕೈಯನ್ನು ಪ್ರಶ್ನಿಸದೆ ಒಪ್ಪಿಸಿಕೊಳ್ಳುವ ನಾವೂ ಆಗ ಅವನ ಗಳಿಕೆಯಲ್ಲಿ ಪಾಲುದಾರರಾಗುತ್ತೇವೆ. ಚಂದಯ್ಯನ ಮಾತು ಕೊಡುವವನಿಗೆ ಸಲ್ಲುವಷ್ಟೇ ಪಡೆಯುವವರಿಗೂ ಸಲ್ಲುತ್ತದೆ. ದಾಸೋಹದ ಒಲೆಗೆ ಬೀಳುವ ಅಕ್ಕಿ ಯಾವುದೆಂದು ಕೇಳುವ ಅಧಿಕಾರ ಲಕ್ಕಮ್ಮನಿಗಿತ್ತು. ಅದನ್ನು ಕೇಳುವ ಹೊಣೆ ನಮ್ಮ ಮೇಲೂ ಇದೆ.

ವಚನಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಕಾಯಕವನ್ನು ದುಡಿಮೆಯ ಪ್ರಶಂಸೆಯೆಂದಷ್ಟೇ ಗ್ರಹಿಸದೆ, ಮಾರಯ್ಯನ ವಚನದ ಜೊತೆಗೆ ಲಕ್ಕಮ್ಮನ ವಚನಗಳನ್ನು ಒಟ್ಟಿಗೆ ಇರಿಸಿ ಓದಬೇಕು. ಭಕ್ತರಾದವರು ಸಂಜೆ ಮನೆಗೆ ಮರಳುವಾಗ ತಮ್ಮ ಕೈಯಲ್ಲಿರುವುದರ ಅಳತೆಯನ್ನು ಒಮ್ಮೆ ನೋಡಿಕೊಳ್ಳಬೇಕು. ಹೆಚ್ಚಿದ್ದರೆ ಅದನ್ನು ಎಲ್ಲಿ ಸುರಿದು ಬರಬೇಕೆಂಬುದನ್ನು ಆ ಶರಣೆ ಆಗಲೇ ಹೇಳಿದ್ದಾಳೆ.