ಹೆಸರಿನ ರೂಪವೂ ಹೆಸರಿನ ಅರ್ಥವೂ: ಸೂಪರ್‌ಕೊಲೈಡರ್ ಬಳಕೆದಾರರ ನಾಮಕರಣ ರೂಢಿಗಳ ವಿಮರ್ಶೆ

ಧ್ವನಿ ಸಂಶ್ಲೇಷಣೆಗೆಂದು ಜೇಮ್ಸ್ ಮೆಕ್‌ಕಾರ್ಟ್ನಿ ಅವರು 1996ರಲ್ಲಿ ಹೊರತಂದ ಸೂಪರ್‌ಕೊಲೈಡರ್ ಎಂಬ ಪ್ರೋಗ್ರಾಮಿಂಗ್ ಭಾಷೆ 2002ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದನ್ನು ಬಳಸಿ ಬೆಳೆಸುತ್ತಿರುವವರಲ್ಲಿ ಸಂಶೋಧಕರೊಡನೆ ಹವ್ಯಾಸಿಗಳೂ ಇದ್ದಾರೆ. ಒಬ್ಬರು ಬರೆದ ವಾದ್ಯವನ್ನು ಇನ್ನೊಬ್ಬರು ತಮ್ಮ ರಚನೆಯಲ್ಲಿ ನುಡಿಸುವುದು ಈ ಸಮುದಾಯದಲ್ಲಿ ಸಾಮಾನ್ಯವಾದುದರಿಂದ, ವೇರಿಯೇಬಲ್‌ಗಳಿಗೆ ಯಾವ ಹೆಸರಿಡಬೇಕೆಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಈ ಪ್ರಶ್ನೆಯನ್ನು ಬಹುಮಟ್ಟಿಗೆ ಬರಹದ ಅಚ್ಚುಕಟ್ಟಿಗೆ ಸಂಬಂಧಿಸಿದ್ದೆಂದು ಭಾವಿಸಲಾಗುತ್ತದೆ: ಎರಡು ಪದಗಳನ್ನು ಅಡಿಗೆರೆಯಿಂದ ಕೂಡಿಸಬೇಕೆ, ಎರಡನೆಯದನ್ನು ದೊಡ್ಡಕ್ಷರದಿಂದ ಆರಂಭಿಸಬೇಕೆ, ಹೆಸರು ಎಷ್ಟು ಉದ್ದವಿರಬೇಕು. ಈ ನಿಲುವು ಸಾಲದು ಎಂಬುದು ನಮ್ಮ ವಾದ. ಹೆಸರಿನ ರೂಪದ ಬಗ್ಗೆ ಒಮ್ಮತವಿದ್ದು ಅರ್ಥದ ಬಗ್ಗೆ ಇಲ್ಲದಿರುವಲ್ಲಿಯೇ ಅತ್ಯಂತ ಗಂಭೀರವಾದ ತೊಡಕುಗಳು ಹುಟ್ಟುತ್ತವೆ.

ಸೂಪರ್‌ಕೊಲೈಡರ್‌ನ ಹೆಸರುಗಳನ್ನು ಮೂರು ಸ್ತರಗಳಲ್ಲಿ ವಿಂಗಡಿಸಬಹುದು. ಮೊದಲನೆಯದು ವ್ಯಾಕರಣದ ಸ್ತರ. ವರ್ಗದ ಹೆಸರು ದೊಡ್ಡಕ್ಷರದಿಂದಲೂ ವೇರಿಯೇಬಲ್‌ನ ಹೆಸರು ಸಣ್ಣಕ್ಷರದಿಂದಲೂ ಆರಂಭವಾಗಬೇಕು. ತಪ್ಪಿದರೆ ಪ್ರೋಗ್ರಾಂ ನಡೆಯುವುದಿಲ್ಲ. ಎರಡನೆಯದು ಸೂಚಕಾಕ್ಷರಗಳ ಸ್ತರ. ವಾದ್ಯದ ನಿಯತಾಂಕವೊಂದರ ಹೆಸರು ‘ಟಿ’ ಅಕ್ಷರ ಮತ್ತು ಅಡಿಗೆರೆಯಿಂದ ಆರಂಭವಾದರೆ ಅದು ಕ್ಷಣಮಾತ್ರದ ಪ್ರಚೋದನೆಯೆಂದೂ, ‘ಐ’ ಅಕ್ಷರದಿಂದಾದರೆ ಆರಂಭದಲ್ಲಿ ಒಮ್ಮೆ ಮಾತ್ರ ನಿಗದಿಯಾಗುವ ಬೆಲೆಯೆಂದೂ ವ್ಯವಸ್ಥೆ ಗ್ರಹಿಸುತ್ತದೆ. ಬ್ಯಾರಿ ವರ್ಕೋ ಅವರು 1980ರ ದಶಕದಲ್ಲಿ ಎಂಐಟಿಯಲ್ಲಿ ರೂಪಿಸಿದ ಸಿಸೌಂಡ್ ಭಾಷೆಯಲ್ಲಿಯೂ ವೇರಿಯೇಬಲ್‌ನ ಮೊದಲ ಅಕ್ಷರವೇ ಅದರ ಬೆಲೆ ಎಷ್ಟು ವೇಗವಾಗಿ ಬದಲಾಗುತ್ತದೆಂಬುದನ್ನು ಸೂಚಿಸುತ್ತಿತ್ತು. ಪಾಣಿನಿಯ ಅನುಬಂಧಗಳನ್ನು ಬಲ್ಲವರಿಗೆ ಈ ತಂತ್ರ ಹೊಸದಲ್ಲ. ಆದರೆ ಪಾಣಿನಿಯಲ್ಲಿ ‘ಇತ್’ ಸಂಜ್ಞೆ ಪಡೆದ ವರ್ಣ ತನ್ನ ಕೆಲಸ ಮುಗಿಸಿ ಲೋಪವಾಗುತ್ತದೆ. ಇಲ್ಲಿ ಅದು ಹೆಸರಿನ ಭಾಗವಾಗಿಯೇ ಉಳಿಯುತ್ತದೆ, ವಾದ್ಯವನ್ನು ನುಡಿಸುವವರೂ ಅದನ್ನು ಪ್ರತಿಬಾರಿ ಉಚ್ಚರಿಸಲೇಬೇಕು.

ನಮ್ಮ ಆಸಕ್ತಿ ಮೂರನೆಯ ಸ್ತರದಲ್ಲಿದೆ. ಸೂಪರ್‌ಕೊಲೈಡರ್‌ನಲ್ಲಿ ವಾದ್ಯದ ವಿವರಣೆಯನ್ನು ಸಿಂತ್‌ಡೆಫ್ ಎಂದೂ, ನುಡಿಸಬೇಕಾದ ಪ್ರತಿಯೊಂದು ಸ್ವರದ ವಿವರಣೆಯನ್ನು ಈವೆಂಟ್ ಎಂದೂ ಕರೆಯುತ್ತಾರೆ. ಇವೆರಡನ್ನೂ ಬೆಸೆಯುವುದು ಹೆಸರುಗಳ ಹೊಂದಾಣಿಕೆ ಮಾತ್ರ. ಈವೆಂಟ್ ಸ್ವರಸ್ಥಾನದಿಂದ ಲೆಕ್ಕಹಾಕಿದ ಕಂಪನಾಂಕವನ್ನು ‘ಫ್ರೀಕ್’ ಎಂಬ ಹೆಸರಿನಲ್ಲಿ ಕಳುಹಿಸುತ್ತದೆ. ವಾದ್ಯ ಬರೆದವರು ಅದೇ ನಿಯತಾಂಕಕ್ಕೆ ‘ಫ್ರೀಕ್ವೆನ್ಸಿ’ ಎಂದು ಪೂರ್ಣ ಹೆಸರಿಟ್ಟಿದ್ದರೆ ಯಾವ ದೋಷಸೂಚನೆಯೂ ಬರುವುದಿಲ್ಲ. ವಾದ್ಯ ತನ್ನ ಮೂಲ ಬೆಲೆಯನ್ನೇ ಹಿಡಿದು ಕೂರುತ್ತದೆ. ಏರಿಳಿಯಬೇಕಾದ ರಾಗವೆಲ್ಲ ಒಂದೇ ಸ್ವರವಾಗುತ್ತದೆ. ಹಾಗೆಯೇ ಸ್ವರವನ್ನು ನಿಲ್ಲಿಸುವ ನಿಯತಾಂಕಕ್ಕೆ ‘ಗೇಟ್’ ಎಂಬುದರ ಬದಲು ಬೇರೆ ಹೆಸರಿಟ್ಟರೆ, ಮುಗಿಯಬೇಕಾದ ಸ್ವರಗಳು ಮುಗಿಯದೆ ಒಂದರ ಮೇಲೊಂದು ರಾಶಿಯಾಗುತ್ತವೆ.

ಇವೆರಡೂ ರೂಪದ ತಪ್ಪುಗಳು. ಹೆಸರಿನ ಪಟ್ಟಿಯೊಂದನ್ನು ಪಾಲಿಸಿದರೆ ತಪ್ಪುತ್ತವೆ. ‘ಸಸ್ಟೇನ್’ ಎಂಬ ಹೆಸರಿನ ಸ್ಥಿತಿ ಹಾಗಿಲ್ಲ. ಸಂಶ್ಲೇಷಕಗಳ ಲೋಕದಲ್ಲಿ ಸ್ವರದ ಆಕೃತಿಯನ್ನು ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂದು ನಾಲ್ಕಾಗಿ ವಿವರಿಸುವುದು ವಾಡಿಕೆ. ಇವುಗಳಲ್ಲಿ ಮೂರು ಕಾಲವನ್ನು ಸೂಚಿಸಿದರೆ ಸಸ್ಟೇನ್ ಮಾತ್ರ ಪ್ರಬಲತೆಯ ಮಟ್ಟವನ್ನು ಸೂಚಿಸುತ್ತದೆ. ಸೂಪರ್‌ಕೊಲೈಡರ್‌ನ ಈವೆಂಟ್‌ನಲ್ಲಿಯಾದರೋ ‘ಸಸ್ಟೇನ್’ ಎಂದರೆ ಸ್ವರ ನಿಲ್ಲುವ ಕಾಲ. ಯಾರೂ ಬೇರೆ ಬೆಲೆ ಕೊಡದಿದ್ದರೆ ಅದು ಸ್ವರದ ಅವಧಿಯ 0.8ರಷ್ಟು. ಸಂಶ್ಲೇಷಕದ ಪರಿಚಯವಿರುವ ಹವ್ಯಾಸಿಯೊಬ್ಬರು ತಮ್ಮ ವಾದ್ಯದಲ್ಲಿ ಪ್ರಬಲತೆಯ ಮಟ್ಟಕ್ಕೆ ಇದೇ ಹೆಸರಿಟ್ಟರೆ, 4 ಮಾತ್ರೆಗಳ ಸ್ವರಕ್ಕೆ ಈವೆಂಟ್ ಕಳುಹಿಸುವ 3.2 ಎಂಬ ಕಾಲಮಾನವನ್ನು ವಾದ್ಯ ಮಟ್ಟವೆಂದು ಓದುತ್ತದೆ. ಸ್ವರ ದೀರ್ಘವಾದಂತೆ ಧ್ವನಿ ಜೋರಾಗುತ್ತದೆ. ಹೆಡ್‌ಫೋನ್ ಧರಿಸಿದವರ ಕಿವಿಗೆ ಇದು ತಾತ್ತ್ವಿಕ ಸಮಸ್ಯೆಯಾಗಿ ಉಳಿಯುವುದಿಲ್ಲ. ಇಲ್ಲಿ ಕಾಗುಣಿತ ಸರಿಯಿದೆ, ರೂಢಿಯ ಪಾಲನೆಯೂ ಆಗಿದೆ. ಒಂದೇ ಶಬ್ದದಲ್ಲಿ ಎರಡು ಸಂಕೇತಗಳು ಸೇರಿಕೊಂಡಿವೆ.

ಭಾರತೀಯ ವ್ಯಾಕರಣ ಪರಂಪರೆ ಪಾರಿಭಾಷಿಕ ಸಂಜ್ಞೆಗಳಲ್ಲಿ ಮಾಡಿದ ಭೇದವೊಂದು ಇಲ್ಲಿ ನೆರವಿಗೆ ಬರುತ್ತದೆ. ‘ಘು’, ‘ಟಿ’, ‘ಭ’ ಮುಂತಾದವು ಕೃತ್ರಿಮ ಸಂಜ್ಞೆಗಳು; ಸೂತ್ರ ಹೇಳಿದಷ್ಟೇ ಅವುಗಳ ಅರ್ಥ. ‘ಸರ್ವನಾಮ’ದಂಥವು ಅನ್ವರ್ಥ ಸಂಜ್ಞೆಗಳು, ಶಬ್ದದ ಲೋಕಾರ್ಥವೂ ಅವುಗಳಲ್ಲಿ ಕೆಲಸ ಮಾಡುತ್ತದೆ. ಅರ್ಥಪೂರ್ಣ ಹೆಸರಿಡಿ ಎಂಬುದು ಪ್ರೋಗ್ರಾಮಿಂಗ್‌ನ ಶೈಲಿ ಬೋಧನೆಯಲ್ಲಿ ಪ್ರಶ್ನಾತೀತ ಸೂತ್ರವಾಗಿದೆ. ಅದಕ್ಕೆ ತಿದ್ದುಪಡಿ ಬೇಕು. ಅರ್ಥವಿಲ್ಲದ ಹೆಸರು ಓದುಗರನ್ನು ವ್ಯಾಖ್ಯೆಯ ಕಡೆಗೆ ಕಳುಹಿಸುತ್ತದೆ. ಅರ್ಥವತ್ತಾದ ಹೆಸರು ವ್ಯಾಖ್ಯೆಯನ್ನು ನೋಡುವ ಅಗತ್ಯವೇ ಇಲ್ಲವೆಂಬ ಭ್ರಮೆ ಹುಟ್ಟಿಸುತ್ತದೆ. ಈ ಅಪಾಯವನ್ನು ಸೂಪರ್‌ಕೊಲೈಡರ್ ಸ್ವತಃ ಇನ್ನೊಂದೆಡೆ ತಪ್ಪಿಸಿಕೊಂಡಿದೆ: ಸ್ವರಾಕೃತಿಯನ್ನು ರಚಿಸುವ ಅದರ ವಿಧಾನದಲ್ಲಿ ನಿಯತಾಂಕಗಳ ಹೆಸರುಗಳು ‘ಅಟ್ಯಾಕ್‌ಟೈಮ್’, ‘ಸಸ್ಟೇನ್‌ಲೆವೆಲ್’ ಎಂದು ಕಾಲವನ್ನೂ ಮಟ್ಟವನ್ನೂ ಬೇರ್ಪಡಿಸಿ ಹೇಳುತ್ತವೆ.

ಹೊಂದದ ಹೆಸರನ್ನು ಯಂತ್ರವೇ ಗುರುತಿಸಿ ಎಚ್ಚರಿಸಬಾರದೇಕೆ ಎಂಬ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಈವೆಂಟ್ ಒಂದು ತೆರೆದ ಕೋಶ. ಬಳಕೆದಾರರು ತಮಗೆ ಬೇಕಾದ ಹೊಸ ಹೆಸರುಗಳನ್ನು ಅದರಲ್ಲಿ ಸೇರಿಸಿ ಮುಂದಿನ ಲೆಕ್ಕಗಳಿಗೆ ಬಳಸುತ್ತಾರೆ. ಅಪರಿಚಿತ ಹೆಸರನ್ನೆಲ್ಲ ದೋಷವೆಂದರೆ ಹವ್ಯಾಸಿಗಳು ಈ ಭಾಷೆಯಲ್ಲಿ ಮೆಚ್ಚುವ ಸ್ವಾತಂತ್ರ್ಯವೇ ಹೋಗುತ್ತದೆ. ಎಚ್ಚರಿಕೆ ಕೊಟ್ಟರೂ ‘ಸಸ್ಟೇನ್’ನ ಸಮಸ್ಯೆ ಬಗೆಹರಿಯದು, ಏಕೆಂದರೆ ಅಲ್ಲಿ ಹೆಸರುಗಳು ಹೊಂದಿಯೇ ಇವೆ.

ವಾದ್ಯದೊಳಗಿನ ಖಾಸಗಿ ಹೆಸರುಗಳು ಬರೆದವರ ಇಷ್ಟಕ್ಕೆ ಬಿಟ್ಟ ವಿಷಯ. ಅವುಗಳ ಏಕರೂಪತೆಗಾಗಿ ಕಾದಾಡುವುದು ಶ್ರಮದ ಅಪವ್ಯಯ. ವಾದ್ಯದ ಗಡಿಯನ್ನು ದಾಟಿ ಇನ್ನೊಬ್ಬರ ಕೈ ಸೇರುವ ಹೆಸರುಗಳು ಕೆಲವೇ. ಅವುಗಳಿಗೆ ಸಮುದಾಯಕ್ಕೆ ಬೇಕಾಗಿರುವುದು ಒಂದು ಪುಟ್ಟ ನಿಘಂಟು: ಹೆಸರು, ಅದು ಅಳೆಯುವ ವಸ್ತು, ಮಾನ, ಬೆಲೆಯ ವ್ಯಾಪ್ತಿ. ಈ ದಿಕ್ಕಿನ ಬದಲಾವಣೆ ಬಳಕೆಯಲ್ಲಿ ಆಗಲೇ ಕಾಣುತ್ತಿದೆ. ‘ಟಿ’, ‘ಐ’ ಸೂಚಕಗಳನ್ನು ಹೆಸರಿಗೆ ಅಂಟಿಸುವ ಬದಲು, ಹೆಸರನ್ನು ಶುದ್ಧವಾಗಿ ಬರೆದು ಬದಲಾವಣೆಯ ವೇಗವನ್ನು ಅದರ ಮುಂದೆ ಬರುವ ಕ್ರಿಯೆಯಿಂದ ಸೂಚಿಸುವ ಬರವಣಿಗೆಯೂ ರೂಢಿಯಲ್ಲಿದೆ. ಪೂರ್ವಪ್ರತ್ಯಯ ಹೊತ್ತಿದ್ದ ಹೊರೆಯನ್ನು ಪರಪ್ರತ್ಯಯ ವಹಿಸಿಕೊಂಡಂತೆ ಇದು. ಹೆಸರು ಅರ್ಥವೊಂದನ್ನೇ ಹೊರಲು ಬಿಡುವಾಗಿದೆ.

ಈ ಪಾಠ ನಮ್ಮ ಶಿಸ್ತಿಗೂ ಅನ್ವಯಿಸುತ್ತದೆ. ಕನ್ನಡದ ‘ಮಾಡಿ’, ‘ಬಂದು’ ಎಂಬಂಥ ರೂಪಗಳನ್ನು ಒಬ್ಬರು ನ್ಯೂನಕ್ರಿಯೆ ಎನ್ನುತ್ತಾರೆ, ಇನ್ನೊಬ್ಬರು ಭೂತ ಕೃದಂತ ಎನ್ನುತ್ತಾರೆ, ಮತ್ತೊಬ್ಬರು ಕನ್ವರ್ಬ್ ಎನ್ನುತ್ತಾರೆ. ಲೈಪ್‌ಜಿಗ್ ನಿಯಮಗಳ ಸಂಕ್ಷೇಪಗಳನ್ನು ಚಾಚೂತಪ್ಪದೆ ಪಾಲಿಸಿದ ಎರಡು ಪ್ರಬಂಧಗಳು ಕೂಡ ಒಂದೇ ಸಂಕ್ಷೇಪದಿಂದ ಬೇರೆ ಬೇರೆ ವರ್ಗಗಳನ್ನು ಸೂಚಿಸಬಲ್ಲವು. ಸಂಶ್ಲೇಷಕದಲ್ಲಿ ಇಂಥ ತಪ್ಪನ್ನು ಕಿವಿ ಕೂಡಲೇ ಹಿಡಿಯುತ್ತದೆ. ನಮ್ಮ ದತ್ತಾಂಶಗಳಲ್ಲಿ ಅದು ಸದ್ದಿಲ್ಲದೆ ಮುಂದಿನ ಅಧ್ಯಯನಕ್ಕೆ ದಾಟುತ್ತದೆ.