ಬಿ.ಎ.ಗೆ ಬಡ್ಡಿ, ಬಿ.ಇ.ಗೆ ಮಾಫಿ

ಪಕ್ಕದ ಮನೆಯ ಹುಡುಗಿಗೆ ಜತೆಯಾಗಿ ವಿಟ್ಲದ ಬ್ಯಾಂಕೊಂದಕ್ಕೆ ಹೋಗಿದ್ದೆ. ಅವಳ ಪ್ಲಾಸ್ಟಿಕ್ ಫೈಲಿನಲ್ಲಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಅಪ್ಪನ ಹೆಸರಿನ ಪಹಣಿ. ಅಧಿಕಾರಿ ಎಲ್ಲವನ್ನೂ ತಿರುವಿ ನೋಡಿ, "ಯಾವ ಕೋರ್ಸು?" ಎಂದರು. "ಬಿ.ಎ., ಕನ್ನಡ ಐಚ್ಛಿಕ." "ಸಾಲ ಕೊಡಬಹುದಮ್ಮ, ಬಡ್ಡಿ ಸಬ್ಸಿಡಿ ಸಿಗುವುದಿಲ್ಲ." ಹುಡುಗಿ ಫೈಲಿನ ಗುಂಡಿ ಒತ್ತಿ ಮುಚ್ಚಿದಳು.

ಅಧಿಕಾರಿ ಹೇಳಿದ್ದು ಸರಿಯೇ. ತಪ್ಪಿರುವುದು ಯೋಜನೆಯಲ್ಲಿ. ವರ್ಷಕ್ಕೆ 4.5 ಲಕ್ಷ ರೂಪಾಯಿಯೊಳಗೆ ಆದಾಯವಿರುವ ಮನೆಯ ಮಕ್ಕಳ ಶಿಕ್ಷಣ ಸಾಲಕ್ಕೆ, ಓದಿನ ಅವಧಿ ಮತ್ತು ಅದರ ಮೇಲೊಂದು ವರ್ಷದ ಬಡ್ಡಿಯನ್ನು 2009ರಿಂದ ಕೇಂದ್ರ ಸರಕಾರ ಕಟ್ಟುತ್ತ ಬಂದಿದೆ. ಇದು ಸಣ್ಣ ಉಪಕಾರವಲ್ಲ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಶೇ. 10ರ ಸರಳ ಬಡ್ಡಿಗೆ ಸಾಲ ತೆಗೆದರೆ, ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 1.4 ಲಕ್ಷ. ಕೊಳೆರೋಗ ಬಂದ ವರ್ಷ ಅಡಿಕೆ ತೋಟದ ಮನೆಗೆ ಈ ಮೊತ್ತ ಎಷ್ಟು ದೊಡ್ಡದೆಂದು ನಮಗೆ ಗೊತ್ತು.

ಆದರೆ ಈ ನೆರವು ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ ಮಾತ್ರ. ಬಿ.ಇಡಿ. ವೃತ್ತಿಪರ, ಅದಕ್ಕೆ ಮೆಟ್ಟಿಲಾದ ಬಿ.ಎ., ಬಿ.ಎಸ್ಸಿ. ಅಲ್ಲ! ಎಲೆಚುಕ್ಕಿ ರೋಗ ಬಂದರೆ ವಿಟ್ಲದ ಸಿಪಿಸಿಆರ್‌ಐ ತೋಟದ ಬೆಳೆ ಸಂಶೋಧನಾ ಕೇಂದ್ರದ ಕಡೆ ನೋಡುವ ನಾವು, ಸಸ್ಯಶಾಸ್ತ್ರ ಓದಹೊರಟ ಬಡ ಹುಡುಗನಿಂದ ಬಡ್ಡಿ ವಸೂಲು ಮಾಡುತ್ತೇವೆ.

2024ರ ನವೆಂಬರಿನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ 8 ಲಕ್ಷ ಆದಾಯದವರೆಗೂ ಕೈಚಾಚಿತು, 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಕೊಟ್ಟಿತು. ಅಲ್ಲಿ ನೋಡುವುದು ಕಾಲೇಜಿನ ರ್‍ಯಾಂಕು. ಆರಂಭದ ಪಟ್ಟಿಯಲ್ಲಿದ್ದದ್ದು ದೇಶಕ್ಕೆಲ್ಲ 860 ಸಂಸ್ಥೆ. ರಿಯಾಯಿತಿ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ, ಅದರಲ್ಲೂ ಸರಕಾರಿ ಸಂಸ್ಥೆಗಳಲ್ಲಿ ತಾಂತ್ರಿಕ, ವೃತ್ತಿಪರ ಕೋರ್ಸು ಹಿಡಿದವರಿಗೆ ಆದ್ಯತೆ. ಮನೆಯ ಹತ್ತಿರದ ಸಣ್ಣ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿ ಎರಡೂ ಕಡೆ ಹೊರಗೇ.

ಹದಿನೆಂಟರ ಹುಡುಗಿಯ ಓದಿಗೆ ಸಬ್ಸಿಡಿಯ ನಿಯಮವೇ ಬೆಲೆ ಕಟ್ಟಬಾರದು. ಮನೆಯ ಆದಾಯ ನೋಡಿ ಬಡ್ಡಿ ಬಿಡಲಿ, ಸಿಕ್ಕಿದ ಸಂಬಳ ನೋಡಿ ಕಂತು ನಿಗದಿಯಾಗಲಿ. ಈ ಜಿಲ್ಲೆಯಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶಾಲೆ ಕಟ್ಟಿದ್ದು 1891ರಲ್ಲಿ, ಬ್ಯಾಂಕು 1906ರಲ್ಲಿ. ಆ ಕ್ರಮ ಯೋಜನೆ ರೂಪಿಸಿದವರಿಗೆ ನೆನಪಿರಬೇಕಿತ್ತು.

ಹುಡುಗಿ ಸಾಲ ತೆಗೆಯಲಿಲ್ಲ. ಧಾರಣೆ ಏರಲಿ ಎಂದು ಅಟ್ಟದಲ್ಲಿಟ್ಟಿದ್ದ ಎರಡು ಗೋಣಿ ಚಾಲಿ ಅಡಿಕೆ ಆ ವಾರವೇ ವಿಟ್ಲ ಪೇಟೆಗೆ ಹೋಯಿತು.