ಬೋರ್ಡು ನಮ್ಮದು, ಚಿಪ್ಪು ಯಾರದು?

ಮನೆಯಲ್ಲೇ ಕ್ರಿಪ್ಟೋ ಮೈನಿಂಗ್ ಯಂತ್ರ ಕಟ್ಟೋದು ಹೇಗೆ ಅಂತ ಹೇಳಿಕೊಡುವವರಲ್ಲಿ ಎರಡು ಪಂಗಡ. ಮೊದಲನೆಯವರು ಅಲ್ಯೂಮಿನಿಯಂ ಫ್ರೇಮಿಗೆ ಆರೇಳು ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿ, ಬಣ್ಣದ ಲೈಟು ಹೊತ್ತಿಸಿ, ಪ್ಯಾಸಿವ್ ಇನ್‌ಕಮ್ ಅನ್ನೋ ಮಂತ್ರ ಜಪಿಸುವವರು. ಇವರ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಗ್ರಾಫಿಕ್ಸ್ ಕಾರ್ಡ್ ಮೈನಿಂಗ್‌ಗೆ ಅನ್ನ ಹಾಕ್ತಿದ್ದದ್ದು ಎಥೀರಿಯಂ. ಅದು 2022ರ ಸೆಪ್ಟೆಂಬರ್ 15ರಂದು ಮೈನಿಂಗನ್ನೇ ಕೈಬಿಟ್ಟಿತು. ಬಿಟ್‌ಕಾಯಿನ್‌ನಲ್ಲಂತೂ 2013ರಲ್ಲಿ ಏಸಿಕ್ ಚಿಪ್ಪುಗಳು, ಅಂದ್ರೆ ಈ ಒಂದೇ ಲೆಕ್ಕಕ್ಕೆ ಅಂತ ಹುಟ್ಟಿದ ಚಿಪ್ಪುಗಳು, ಬಂದ ಮೇಲೆ ಗ್ರಾಫಿಕ್ಸ್ ಕಾರ್ಡಿನ ಆಟ ಮುಗಿದೇ ಹೋಯ್ತು. ಇವತ್ತೂ ಆ ಫ್ರೇಮು ತೋರಿಸಿ ಕೋರ್ಸ್ ಮಾರುವವರು ಬತ್ತಿದ ಬೋರ್‌ವೆಲ್‌ಗೆ ಮೋಟರ್ ಮಾರ್ತಿದ್ದಾರೆ, ಅಷ್ಟೆ.

ಎರಡನೇ ಪಂಗಡದವರ ಮಾತು ಮಾತ್ರ ಕೂತು ಕೇಳುವಂಥದ್ದು. ಇವರು ತೋರಿಸೋದು ಬಿಟ್‌ಆಕ್ಸ್ ಅನ್ನೋ ಅಂಗೈಯಗಲದ ಬೋರ್ಡನ್ನ. ಅದರ ಸರ್ಕ್ಯೂಟ್ ಫೈಲುಗಳು ಕೀಕ್ಯಾಡ್‌ನಲ್ಲಿವೆ, ಫರ್ಮ್‌ವೇರ್ ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದ್ರೂ ಇಳಿಸಿಕೊಂಡು ತಿದ್ದಬಹುದು. ಒಂದು ಇಎಸ್‌ಪಿ32 ಕಂಟ್ರೋಲರ್, ಒಂದು ವೋಲ್ಟೇಜ್ ರೆಗ್ಯುಲೇಟರ್, ಒಂದು ಫ್ಯಾನು, ಚಿಕ್ಕ ಪರದೆ, ಮಧ್ಯದಲ್ಲಿ ಉಗುರಿನಷ್ಟು ಗಾತ್ರದ ಏಸಿಕ್. ಗಾಮಾ ಅನ್ನೋ ಮಾದರಿ 20 ವ್ಯಾಟ್‌ಗಿಂತ ಕಡಿಮೆ ಕರೆಂಟಿನಲ್ಲಿ ಸೆಕೆಂಡಿಗೆ ಸುಮಾರು 1.2 ಟೆರಾಹ್ಯಾಶ್, ನಮ್ಮ ಲೆಕ್ಕದಲ್ಲಿ 1.2 ಲಕ್ಷ ಕೋಟಿ ಪ್ರಯತ್ನ ಮಾಡುತ್ತೆ. ಪ್ರತಿ ಪ್ರಯತ್ನ ಅಂದ್ರೆ ಏನು? 80 ಬೈಟಿನ ಬ್ಲಾಕ್ ತಲೆಬರಹವನ್ನ ಎಸ್‌ಎಚ್‌ಎ-256ಕ್ಕೆ ಎರಡು ಸಲ ಹಾಕಿ, ಬಂದ ಸಂಖ್ಯೆ ಗುರಿಗಿಂತ ಚಿಕ್ಕದಾ ಅಂತ ನೋಡೋದು. ಅಲ್ಲದಿದ್ರೆ ನಾನ್ಸ್ ಅನ್ನೋ ಸಂಖ್ಯೆ ಬದಲಿಸಿ ಮತ್ತೆ ಹಾಕೋದು. ನಾನ್ಸ್‌ಗೆ ಇರೋದು 32 ಬಿಟ್. ಅದರ 429 ಕೋಟಿ ಸಾಧ್ಯತೆಗಳನ್ನ ಈ ಪುಟ್ಟ ಬೋರ್ಡು 4 ಮಿಲಿಸೆಕೆಂಡಿನೊಳಗೆ ಮುಗಿಸಿ ಹಾಕುತ್ತೆ.

ನಿಜ ಹೇಳ್ಬೇಕು ಅಂದ್ರೆ, ವಸ್ತುವಾಗಿ ಇದು ಚೆನ್ನಾಗಿದೆ. ಕೋಡು ಓದೋಕೆ ಸಿಗುವ ಇಂಥ ಯಂತ್ರಗಳು ಕಡಿಮೆ. ಐಟಿಯಲ್ಲಿ ಹತ್ತು ವರ್ಷ ಕ್ಲೌಡ್ ಕನ್ಸೋಲ್ ಒತ್ತಿಕೊಂಡೇ ಕಳೆದವರಿಗೆ, ತಾವು ಬರೆದ ಒಂದು ಸಾಲಿನಿಂದ ಫ್ಯಾನಿನ ಸದ್ದು ಬದಲಾಗೋದನ್ನ ಕೇಳೋದೇ ಖುಷಿ.

ನನ್ನ ತಕರಾರು ಆ ‘ನೀವೇ ಕಟ್ಟಿ’ ಅನ್ನೋ ಮಾತಿನ ಮೇಲೆ. ಬೋರ್ಡಿನ ಮಧ್ಯದ ಚಿಪ್ಪು, ಗಾಮಾದಲ್ಲಿ ಬಿಎಂ1370, ಬೀಜಿಂಗ್‌ನ ಬಿಟ್‌ಮೈನ್ ಕಂಪನಿಯದ್ದು. ಆ ಕಂಪನಿಯ ದೊಡ್ಡ ಯಂತ್ರಗಳಿಗೆ ಅಂತ ಮಾಡಿದ್ದು. ಅದರ ಡೇಟಾಶೀಟ್ ಹೊರಗೆ ಬಿಟ್ಟಿಲ್ಲ. ಬಿಟ್‌ಆಕ್ಸ್ ಮಾಡಿದವರು ಅದರ ಜೊತೆ ಮಾತಾಡುವ ಭಾಷೆಯನ್ನ ರಿವರ್ಸ್ ಎಂಜಿನಿಯರಿಂಗ್ ಮಾಡಿ ಕಲಿತರು. ದೊಡ್ಡ ಸಾಹಸವೇ. ಆದ್ರೆ ಇದರರ್ಥ ಏನು? ಹೊರಗಿನ ಗೋಡೆ, ಕಿಟಕಿ, ಬಾಗಿಲಿನ ನಕ್ಷೆಯೆಲ್ಲ ತೆರೆದಿಟ್ಟ ಮನೆಯಲ್ಲಿ ನಡುಮನೆಗೆ ಬೀಗ, ಕೀಲಿ ಬೇರೆಯವರ ಹತ್ತಿರ. ಬೇರೆ ಚಿಪ್ಪು ತರೋಣ ಅಂದ್ರೆ ಅದೂ ಸುಲಭವಿಲ್ಲ. ಇಂಟೆಲ್ ಅಂಥ ಇಂಟೆಲ್ಲೇ 2022ರಲ್ಲಿ ಬ್ಲಾಕ್‌ಸ್ಕೇಲ್ ಅನ್ನೋ ಮೈನಿಂಗ್ ಚಿಪ್ಪು ತಂದು 2023ರಲ್ಲಿ ಅಂಗಡಿ ಮುಚ್ಚಿತು.

ಹಳ್ಳಿ ಕಡೆ ಪಂಪ್‌ಸೆಟ್ ಮೋಟರ್ ಸುಟ್ಟರೆ ಹೋಬಳಿಯ ರಿವೈಂಡಿಂಗ್ ಅಂಗಡಿಗೆ ಹೊರಿಸಿಕೊಂಡು ಹೋಗ್ತಾರೆ. ಆತ ಹಳೇ ತಾಮ್ರ ಬಿಚ್ಚಿ, ಸುತ್ತು ಎಣಿಸಿ, ಹೊಸದು ಸುತ್ತಿ ಕೊಡ್ತಾನೆ. ಆ ಮೋಟರನ್ನ ಕಂಪನಿಯೇ ಮಾಡಿದ್ರೂ ಅದರ ಒಳಗುಟ್ಟು ಹೋಬಳಿಯಲ್ಲಿದೆ. ಬಿಟ್‌ಆಕ್ಸ್‌ನ ರೆಗ್ಯುಲೇಟರ್ ಸುಟ್ಟರೆ ನೀವು ಬದಲಿಸಬಹುದು, ಹಾಟ್ ಏರ್ ಹಿಡಿಯೋಕೆ ಕೈ ಬಂದ್ರೆ. ಏಸಿಕ್ ಸುಟ್ಟರೆ ಇನ್ನೊಂದು ಏಸಿಕ್ ಕೊಳ್ಳಬೇಕು, ಅದೇ ಕಂಪನಿಯದ್ದು.

ಇಲ್ಲಿಂದ ವಿಕೇಂದ್ರೀಕರಣದ ವಾದಕ್ಕೆ ಬರೋಣ. ಮನೆಮನೆಯಲ್ಲೂ ಮೈನರ್ ಇದ್ರೆ ಬಿಟ್‌ಕಾಯಿನ್ ಯಾರದೇ ಮುಷ್ಟಿಗೆ ಸಿಗಲ್ಲ ಅಂತಾರೆ. ಅರ್ಧ ಸರಿ. ಸ್ವಂತ ನೋಡ್ ಇಟ್ಟುಕೊಂಡು ಸೋಲೋ ಮೈನಿಂಗ್ ಮಾಡುವವರು ತಮ್ಮ ಬ್ಲಾಕಿನಲ್ಲಿ ಯಾವ ವಹಿವಾಟು ಇರಬೇಕು ಅಂತ ತಾವೇ ಆರಿಸ್ತಾರೆ. ಪೂಲ್‌ಗೆ ಸೇರಿದ್ರೆ ಸಾಮಾನ್ಯವಾಗಿ ಆ ಆಯ್ಕೆ ಪೂಲ್‌ನವರದ್ದು. ಆದ್ರೆ ತೂಕ ನೋಡಿ. ಇಡೀ ಜಾಲದ ಬಲ ಸೆಕೆಂಡಿಗೆ 1000 ಎಕ್ಸಾಹ್ಯಾಶ್ ಅಂತ ಇಟ್ಕೊಂಡ್ರೆ (2025ರಲ್ಲಿ ಆ ಮಟ್ಟ ಮುಟ್ಟಿತು), ಅದಕ್ಕೆ ಸರಿಸಮ ಆಗೋಕೆ 83 ಕೋಟಿ ಬಿಟ್‌ಆಕ್ಸ್ ಬೇಕು. ಅಷ್ಟೂ ಬೋರ್ಡಿಗೆ ಚಿಪ್ಪು ಮಾರುವವರು ಯಾರು ಅಂತ ಮತ್ತೆ ಹೇಳ್ಬೇಕಾಗಿಲ್ಲ.

ದುಡ್ಡಿನ ಲೆಕ್ಕವನ್ನೂ ಮಾಡಿಬಿಡೋಣ, ಹೇಗೂ ಎಲ್ಲರ ಕಣ್ಣು ಅಲ್ಲೇ ಇರೋದು. 10 ನಿಮಿಷಕ್ಕೊಂದರಂತೆ ವರ್ಷಕ್ಕೆ ಸುಮಾರು 52,560 ಬ್ಲಾಕ್. 2024ರ ಏಪ್ರಿಲ್‌ನಿಂದ ಬ್ಲಾಕಿಗೆ 3.125 ಬಿಟ್‌ಕಾಯಿನ್ ಬಹುಮಾನ. ಒಂದು ಗಾಮಾ ಬೋರ್ಡಿಗೆ ಸರಾಸರಿ ಒಂದು ಬ್ಲಾಕ್ ಸಿಗೋಕೆ ಸುಮಾರು 16 ಸಾವಿರ ವರ್ಷ. ಇಂಥ ಪುಟ್ಟ ಯಂತ್ರಗಳಿಗೆ ಬ್ಲಾಕ್ ಹೊಡೆದ ಉದಾಹರಣೆ ಇದೆ, ಸುಳ್ಳಲ್ಲ. ಲಾಟರಿಯಲ್ಲೂ ಒಬ್ಬನಿಗೆ ಹೊಡೀತಿತ್ತು. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸೋ ತನಕ ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಆ ಒಬ್ಬನ ಕಥೆ ಇತ್ತು. ಉಳಿದವರ ಕಥೆ ಅವರವರ ಮನೆಯಲ್ಲಿತ್ತು.

ಸೋಲೋ ಬೇಡ, ಪೂಲ್ ಸೇರ್ತೀನಿ ಅಂದ್ರೆ? ಅದೇ ಜಾಲದ ಲೆಕ್ಕದಲ್ಲಿ ವರ್ಷಕ್ಕೆ ಸಿಗೋದು 0.0002 ಬಿಟ್‌ಕಾಯಿನ್‌ನ ಆಸುಪಾಸು. ಬಿಟ್‌ಕಾಯಿನ್‌ಗೆ 80 ಲಕ್ಷ ರೂಪಾಯಿ ಅಂತ ಹಿಡಿದ್ರೂ ವರ್ಷಕ್ಕೆ 1,600 ರೂಪಾಯಿ. ಹಗಲೂರಾತ್ರಿ 18 ವ್ಯಾಟ್ ಉರಿದ್ರೆ ವರ್ಷಕ್ಕೆ 158 ಯೂನಿಟ್, ಯೂನಿಟ್‌ಗೆ 6 ರೂಪಾಯಿಯಂತೆ 950 ರೂಪಾಯಿ ಕರೆಂಟ್ ಬಿಲ್. ಉಳಿದದ್ದು ತಿಂಗಳಿಗೆ ಎರಡು ಮಸಾಲೆದೋಸೆಗೂ ಸಾಲದು, ಅದೂ ಬೋರ್ಡಿನ ಬೆಲೆ ಲೆಕ್ಕಕ್ಕೆ ಹಿಡಿಯದೆ. ಇದರ ಮೇಲೆ ತೆರಿಗೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇಕಡಾ 30. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯೋ ಹಾಗಿಲ್ಲ. ಮೈನಿಂಗ್ ಯಂತ್ರಕ್ಕೆ ಹಾಕಿದ ದುಡ್ಡು ಆ ‘ಕೊಂಡ ಬೆಲೆ’ಯೊಳಗೆ ಬರಲ್ಲ ಅಂತ ಸರ್ಕಾರ ಸಂಸತ್ತಿನಲ್ಲೇ ಸ್ಪಷ್ಟಪಡಿಸಿದೆ. ಹೂಡಿಕೆ ಅನ್ನೋ ಪದವನ್ನ ಈ ಬೋರ್ಡಿನ ಹತ್ತಿರ ಸುಳಿಯೋಕೂ ಬಿಡಬಾರದು.

ಹಾಗಾದ್ರೆ ಸ್ವಂತ ಅನ್ನಬಹುದಾದ ಮೈನಿಂಗ್ ಯಾವುದು? ನನಗೆ ತುಂಬಾ ಇಷ್ಟವಾದದ್ದು ಕೆನ್ ಶೆರಿಫ್ ಅನ್ನೋ ಅಮೆರಿಕದ ಎಂಜಿನಿಯರ್ 2014ರಲ್ಲಿ ಮಾಡಿದ್ದು. ಪೆನ್ಸಿಲ್ಲು, ಕಾಗದ ಹಿಡಿದು ಎಸ್‌ಎಚ್‌ಎ-256ರ ಒಂದು ಸುತ್ತನ್ನ ಕೈಯಾರೆ ಲೆಕ್ಕ ಹಾಕಿದ. 16 ನಿಮಿಷ 45 ಸೆಕೆಂಡ್ ಹಿಡೀತು. ಆ ವೇಗದಲ್ಲಿ ದಿನಕ್ಕೆ 0.67 ಹ್ಯಾಶ್. ಮರುವರ್ಷ ಹಳೇ ಐಬಿಎಂ 1401ರ ಮೇಲೆ ಅದನ್ನೇ ಓಡಿಸಿದಾಗ ಒಂದು ಹ್ಯಾಶ್‌ಗೆ 80 ಸೆಕೆಂಡ್. ಕವಡೆ ಕಾಸೂ ಹುಟ್ಟಲಿಲ್ಲ. ಆದ್ರೆ ಅಲ್ಲಿ ಬೀಗ ಹಾಕಿದ ಕೋಣೆಯೇ ಇರಲಿಲ್ಲ.

ಅಷ್ಟು ತಾಳ್ಮೆ ಇಲ್ಲದವರಿಗೆ ಎಸ್‌ಪಿ ರೋಡ್ ಇದೆ. ಐನೂರು ರೂಪಾಯಿ ಆಸುಪಾಸಿಗೆ ಬರೀ ಇಎಸ್‌ಪಿ32 ಬೋರ್ಡ್ ಸಿಗುತ್ತೆ. ಏಸಿಕ್ ಇಲ್ಲ, ಫ್ಯಾನ್ ಇಲ್ಲ. ಲೈಬ್ರರಿ ಮುಟ್ಟದೆ ಎಸ್‌ಎಚ್‌ಎ-256ರ 64 ಸುತ್ತನ್ನ ಸಿ ಭಾಷೆಯಲ್ಲಿ ನೀವೇ ಬರೆದು, ಪೂಲ್‌ಗೆ ಕನೆಕ್ಟ್ ಮಾಡಿ, ಮೊದಲ ಶೇರ್ ಒಪ್ಪಿತ ಆಗುವಷ್ಟರಲ್ಲಿ ಎರಡು ವಾರಾಂತ್ಯ ಹೋಗುತ್ತೆ. ವೇಗ ಬಿಟ್‌ಆಕ್ಸ್‌ನ ಕೋಟಿಯಲ್ಲೊಂದು ಭಾಗ. ಸುಟ್ಟರೆ ಇನ್ನೊಂದು ಐನೂರು. ಬಿಟ್‌ಆಕ್ಸ್ ಆಮೇಲೆ ಕೊಳ್ಳಬಹುದು, ಅಷ್ಟೊತ್ತಿಗೆ ಅದರಲ್ಲಿ ಯಾವ ಭಾಗ ನಿಮಗೆ ಗೊತ್ತು, ಯಾವುದು ಗೊತ್ತಿಲ್ಲ ಅಂತ ಬೋರ್ಡಿನ ಮೇಲೆ ಬೆರಳಿಟ್ಟು ತೋರಿಸೋಕೆ ಬರುತ್ತೆ.